ದಿನ ತುಂಬುವ ಮೊದಲೇ ಹೆರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸುರಿಯರು, ಅವರ ಗಂಡಂದಿರು, ಅಮ್ಮಂದಿರು, ಅತ್ತೆಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಆದಷ್ಟೂ ಅವರ ಮಾತಿನಲ್ಲೇ ಇವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು. ಆದರೆ ನಿಮಗೆ ಈಗಲೇ ನೋವು ಬರುತ್ತಿದ್ದರೆ, ನೀರು ಹೋಗುತ್ತಿದ್ದರೆ, ರಕ್ತ ಕಂಡಿದ್ದರೆ ಓದುತ್ತಾ ಕೂರಬೇಡಿ. ಮೊದಲು ಆಸ್ಪತ್ರೆಗೆ ಹೊರಡಿ.

## ಮೊದಲು ತಿಳಿಯಬೇಕಾದದ್ದು

36 ವಾರ ಆಗಿದೆ, ಒಂಬತ್ತನೇ ತಿಂಗಳು ಬಿತ್ತು. ಈಗ ಹೆರಿಗೆ ಆದ್ರೆ ಅದೂ ದಿನ ತುಂಬದ ಹೆರಿಗೆನಾ?

ಹೌದು. 37 ವಾರ ಪೂರ್ತಿ ಆಗುವ ಮೊದಲು ಆದ ಹೆರಿಗೆಯೆಲ್ಲ ಅವಧಿಪೂರ್ವ ಹೆರಿಗೆಯೇ. ತಿಂಗಳ ಲೆಕ್ಕ ಇಲ್ಲಿ ಗೊಂದಲ ಮಾಡುತ್ತದೆ. ಅದಕ್ಕೇ ಡಾಕ್ಟರು ವಾರದ ಲೆಕ್ಕದಲ್ಲಿ ಮಾತಾಡುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಈ ಎಣಿಕೆ ಶುರು.

ದಿನ ತುಂಬದ ಮಕ್ಕಳೆಲ್ಲ ಒಂದೇ ಅಲ್ಲ. 28 ವಾರಕ್ಕೆ ಮೊದಲು ಹುಟ್ಟಿದವರದ್ದು ತೀರಾ ಕಷ್ಟದ ಗುಂಪು. 28ರಿಂದ 32ರ ಒಳಗಿನವರಿಗೂ ಬಹಳ ಆರೈಕೆ ಬೇಕು. 32ರಿಂದ 37ರ ಒಳಗೆ ಹುಟ್ಟುವವರೇ ಹೆಚ್ಚು, ಅವರಲ್ಲಿ ಬಹುಪಾಲು ಚೆನ್ನಾಗಿ ಬೆಳೆಯುತ್ತಾರೆ. ನಿಮ್ಮ ಸರಿಯಾದ ವಾರ ತಿಳಿಯಲು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ತುಂಬಾ ಮುಖ್ಯ. ಮುಂದೆ ಎಲ್ಲ ತೀರ್ಮಾನವೂ ಆ ಲೆಕ್ಕದ ಮೇಲೇ ನಿಲ್ಲುತ್ತದೆ.

ಡಾಕ್ಟರೇ ಬೇಗ ಹೆರಿಗೆ ಮಾಡಿಸಿದ್ರು. ಇದೂ ಅದೂ ಒಂದೇನಾ?

ಬೇರೆ ಬೇರೆ. ತಾಯಿಗೆ ಬಿಪಿ ಏರಿದಾಗ, ಮಗುವಿನ ಬೆಳವಣಿಗೆ ನಿಂತಾಗ, ಒಳಗಿರುವುದಕ್ಕಿಂತ ಹೊರಗೆ ಬರುವುದೇ ಒಳ್ಳೆಯದು ಅಂತ ಡಾಕ್ಟರು ಹೆರಿಗೆ ಮಾಡಿಸುತ್ತಾರೆ. ತಾನಾಗೇ ನೋವು ಬಂದರೆ ಅಥವಾ ನೋವಿಗೆ ಮೊದಲೇ ನೀರು ಒಡೆದು ಹೆರಿಗೆ ಆದರೆ ಅದು ತಾನಾಗಿ ಆದ ಅವಧಿಪೂರ್ವ ಹೆರಿಗೆ. ಮೂರರಲ್ಲಿ ಸುಮಾರು ಎರಡು ಪಾಲು ಹೀಗೆ ತಾನಾಗಿ ಆಗುವುದೇ. ಇಲ್ಲಿ ಹೆಚ್ಚು ಮಾತಾಡುವುದು ಅದರ ಬಗ್ಗೆಯೇ.

ಇದು ನನಗೊಬ್ಬಳಿಗೇ ಆಗಿದ್ದಾ?

ಖಂಡಿತ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟಿದರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ಹತ್ತು ಮಕ್ಕಳಲ್ಲಿ ಒಂದು. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದರ ತೊಂದರೆಗಳೇ. 2019ರಲ್ಲಿ ಹೀಗೆ ಸುಮಾರು 9 ಲಕ್ಷ ಮಕ್ಕಳು ಹೋದರು. ಮನಸ್ಸಿಗೆ ನಾಟುವ ಇನ್ನೊಂದು ಮಾತೂ ಇದೆ. ಬಡ ದೇಶಗಳಲ್ಲಿ 32 ವಾರ ಅಥವಾ ಅದಕ್ಕೂ ಮೊದಲು ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ತೀರಿಹೋಗುತ್ತವೆ. ಶ್ರೀಮಂತ ದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬದುಕುತ್ತವೆ. ಬೆಚ್ಚಗಿಡುವುದು, ಎದೆಹಾಲು ಕುಡಿಸಲು ನೆರವು, ಸೋಂಕಿಗೆ ಮತ್ತು ಉಸಿರಿನ ತೊಂದರೆಗೆ ಸಾದಾ ಚಿಕಿತ್ಸೆ, ಇಷ್ಟು ಸಿಕ್ಕರೂ ಆ ಅಂತರದ ದೊಡ್ಡ ಭಾಗ ಮುಚ್ಚುತ್ತದೆ.

ನಾನೇನು ತಪ್ಪು ಮಾಡಿದೆ? ಅವತ್ತು ಮೆಟ್ಟಿಲು ಹತ್ತಿದ್ದಕ್ಕೇ ಹೀಗಾಯ್ತಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಬಹಳ ಜನ ದನಿ ತಗ್ಗಿಸಿ ಕೇಳುತ್ತಾರೆ. ಇಲ್ಲ, ಮೆಟ್ಟಿಲು ಹತ್ತಿದ್ದಕ್ಕಲ್ಲ. ಬಟ್ಟೆ ಒಗೆದಿದ್ದಕ್ಕಲ್ಲ, ಗಾಡಿಯಲ್ಲಿ ಕೂತಿದ್ದಕ್ಕಲ್ಲ, ಒಂದು ದಿನ ಜಗಳವಾಡಿ ಅತ್ತಿದ್ದಕ್ಕೂ ಅಲ್ಲ. ಎಲ್ಲ ಎಚ್ಚರಿಕೆ ತೆಗೆದುಕೊಂಡವರಿಗೂ ಹೀಗಾಗುತ್ತದೆ. ಯಾವ ಎಚ್ಚರಿಕೆಯೂ ಇಲ್ಲದವರಿಗೆ ದಿನ ತುಂಬಿ ಆಗಿದ್ದೂ ಇದೆ. ಎಷ್ಟೋ ಸಲ ಕಾರಣ ಯಾರಿಗೂ ಸಿಗುವುದೇ ಇಲ್ಲ. ಮನೆಯವರಿಗೊಂದು ಕೋರಿಕೆ: ‘ನೀನು ಹಾಗೆ ಮಾಡಬಾರದಿತ್ತು’ ಅನ್ನುವ ಮಾತು ಬೇಡ. ಅದು ಸುಳ್ಳು, ಜೊತೆಗೆ ಆ ತಾಯಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ?

ಇದು ಬಹಳ ಹಳೆಯ ನಂಬಿಕೆ. ಪ್ರಾಚೀನ ಗ್ರೀಸಿನ ವೈದ್ಯರೂ ಹೀಗೇ ನಂಬಿದ್ದರು. ಆದರೆ ನಿಜವಲ್ಲ. ಮಗು ಒಳಗೆ ಉಳಿದ ಒಂದೊಂದು ವಾರವೂ ಅದಕ್ಕೆ ಲಾಭವೇ. ಎಂಟರದ್ದು ಏಳರದ್ದಕ್ಕಿಂತ ಗಟ್ಟಿ.

## ಯಾಕೆ ಆಗುತ್ತದೆ, ಯಾರಿಗೆ ಆಗುತ್ತದೆ

ಹಾಗಾದ್ರೆ ನಿಜವಾದ ಕಾರಣ ಏನು?

ಒಂದೇ ಕಾರಣವಿಲ್ಲ. ಬೇರೆ ಬೇರೆ ದಾರಿಗಳು ಕೊನೆಗೆ ಒಂದೇ ಬಾಗಿಲಿಗೆ ಬರುತ್ತವೆ. ಸೋಂಕು ಒಂದು ದಾರಿ. ಯೋನಿಯ ಕಡೆಯಿಂದ ಮೇಲೇರಿದ ಸೂಕ್ಷ್ಮಜೀವಿಗಳು ನೀರಿನ ಚೀಲದ ಸುತ್ತ ಉರಿಯೂತ ಎಬ್ಬಿಸುತ್ತವೆ. ಆಗ ದೇಹ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಹೆಚ್ಚು ಮಾಡುತ್ತದೆ. ಅದೇ ಗರ್ಭಕೋಶವನ್ನು ಹಿಂಡಿಸುತ್ತದೆ, ಅದರ ಕೊರಳನ್ನು, ಅಂದರೆ ಕೆಳಗಿನ ಬಾಯಿಯ ಭಾಗವನ್ನು, ಮೆತ್ತಗೆ ಮಾಡುತ್ತದೆ. ಅವಳಿ ಮಕ್ಕಳಿದ್ದಾಗ ಅಥವಾ ನೀರು ಜಾಸ್ತಿ ಇದ್ದಾಗ ಗರ್ಭಕೋಶ ಅತಿಯಾಗಿ ಹಿಗ್ಗುವುದು ಇನ್ನೊಂದು ದಾರಿ. ಮಾಸು ಸ್ವಲ್ಪ ಬಿಟ್ಟುಕೊಂಡು ಒಳಗೇ ರಕ್ತ ಸೋರಿದರೂ ನೋವು ಶುರುವಾಗುತ್ತದೆ. ಕೆಲವರಲ್ಲಿ ಗರ್ಭಕೋಶದ ಕೊರಳಿಗೇ ಬಲ ಸಾಲದು. ನೋವೇ ಇಲ್ಲದೆ ಅದು ಮೆಲ್ಲಗೆ ತೆರೆದುಕೊಳ್ಳುತ್ತದೆ. ಹೀಗಿರುವಾಗ ಎಲ್ಲರಿಗೂ ಒಂದೇ ಔಷಧಿ ಹೇಗೆ ಕೆಲಸ ಮಾಡೀತು?

ಯಾರಿಗೆ ಜಾಸ್ತಿ ಅಪಾಯ?

ಹಿಂದೆ ಒಮ್ಮೆ ದಿನ ತುಂಬದೆ ಹೆರಿಗೆ ಆದವರಿಗೆ, ಅವಳಿ ಅಥವಾ ತ್ರಿವಳಿ ಇರುವವರಿಗೆ, ಸ್ಕ್ಯಾನ್‌ನಲ್ಲಿ ಗರ್ಭಕೋಶದ ಕೊರಳು ಚಿಕ್ಕದಾಗಿ ಕಂಡವರಿಗೆ ಹೆಚ್ಚು. ಕೊರಳಿನ ಮೇಲೆ ಮೊದಲು ಆಪರೇಷನ್ ಆಗಿದ್ದರೆ, ಗರ್ಭಕೋಶದ ಆಕಾರದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ತಂಬಾಕು, ತೀರಾ ಕಡಿಮೆ ತೂಕ, ಎರಡು ಬಸುರಿನ ನಡುವೆ ಕಡಿಮೆ ಅಂತರ, ಹದಿಹರೆಯದ ಬಸುರು ಇವೂ ಪಟ್ಟಿಯಲ್ಲಿವೆ. ಹಾಗಂತ ಈ ಪಟ್ಟಿಯೇ ಎಲ್ಲವನ್ನೂ ಹೇಳುವುದಿಲ್ಲ. ದಿನ ತುಂಬದೆ ಹೆತ್ತ ಎಷ್ಟೋ ತಾಯಂದಿರಲ್ಲಿ ಇದ್ಯಾವುದೂ ಇರುವುದಿಲ್ಲ.

ಮೊದಲನೇದು 31 ವಾರಕ್ಕೇ ಹುಟ್ಟಿತು. ಎರಡನೇದೂ ಹಾಗೇ ಆಗುತ್ತಾ?

ಅಪಾಯ ಹೆಚ್ಚು, ನಿಜ. ಆದರೂ ಹೆಚ್ಚಿನವರಿಗೆ ಎರಡನೇ ಸಲ ದಿನ ತುಂಬಿಯೇ ಆಗುತ್ತದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಳೆಯ ಹೆರಿಗೆಯ ಕಾಗದಪತ್ರ ಎತ್ತಿಡಿ. ಎಷ್ಟು ವಾರ ಆಗಿತ್ತು, ಮೊದಲು ನೋವು ಬಂತಾ ನೀರು ಹೋಯಿತಾ, ಜ್ವರ ಇತ್ತಾ, ಇಷ್ಟು ತಿಳಿದರೆ ಡಾಕ್ಟರಿಗೆ ದಾರಿ ಸುಲಭ. ಬಸುರಿ ಅಂತ ಗೊತ್ತಾದ ಕೂಡಲೇ ತೋರಿಸಿಕೊಳ್ಳಿ, ಐದನೇ ತಿಂಗಳವರೆಗೆ ಕಾಯಬೇಡಿ. ತಡೆಯುವ ಚಿಕಿತ್ಸೆಗಳಲ್ಲಿ ಹೆಚ್ಚಿನವು 24 ವಾರದೊಳಗೇ ಶುರುವಾಗಬೇಕು.

## ತಡೆಯಲು ಏನು ಮಾಡಬಹುದು

ಬಸುರಿ ಆಗೋಕೆ ಮೊದಲೇ ಏನಾದ್ರೂ ಮಾಡಬಹುದಾ?

ಮಾಡಬಹುದು. ಹೆರಿಗೆ ಆದ ಮೇಲೆ ಮುಂದಿನ ಬಸುರಿಗೆ ಎರಡು ವರ್ಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ, ಸಿಗರೇಟು, ತಂಬಾಕು ಬಿಡುವುದು ದೊಡ್ಡ ಹೆಜ್ಜೆ. ಇದು ಗಂಡಸರಿಗೂ ಸೇರಿದ ಮಾತು. ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸಿದ ನಾಡುಗಳಲ್ಲಿ ದಿನ ತುಂಬದ ಹೆರಿಗೆಗಳು ಸುಮಾರು 10% ಇಳಿದವು. ಬೇರೆಯವರ ಹೊಗೆಯೂ ಬಸುರನ್ನು ಮುಟ್ಟುತ್ತದೆ ಅಂತಾಯಿತಲ್ವಾ? ತೂಕ, ಸಕ್ಕರೆ, ಬಿಪಿ, ಥೈರಾಯ್ಡ್ ಮೊದಲೇ ಹದಕ್ಕೆ ತಂದುಕೊಳ್ಳಿ. ಐವಿಎಫ್ ಮಾಡಿಸುವವರು ಒಂದೇ ಭ್ರೂಣ ಇರಿಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಎರಡು ಇಟ್ಟರೆ ಅವಳಿ ಆಗುವ ಸಾಧ್ಯತೆ ಹೆಚ್ಚು, ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತುಂಬದೆ ಹುಟ್ಟುತ್ತವೆ.

ಮನೆಯಲ್ಲಿ ಇಡೀ ದಿನ ಮಲಗೇ ಇರು ಅಂತಾರೆ. ಬೆಡ್ ರೆಸ್ಟ್‌ನಿಂದ ಹೆರಿಗೆ ಮುಂದಕ್ಕೆ ಹೋಗುತ್ತಾ?

ಪ್ರೀತಿಯಿಂದ ಹೇಳುತ್ತಾರೆ, ಆದರೆ ಉಪಯೋಗವಿಲ್ಲ. ಸುಮ್ನೆ ಮಲಗಿದ್ದರಿಂದ ಹೆರಿಗೆ ಮುಂದಕ್ಕೆ ಹೋಗಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಕೊರಳು ಚಿಕ್ಕದಿದ್ದ ಹೆಂಗಸರನ್ನು ಗಮನಿಸಿದಾಗ, ಓಡಾಟ ಕಡಿಮೆ ಮಾಡಿದವರಲ್ಲೇ ದಿನ ತುಂಬದ ಹೆರಿಗೆ ಹೆಚ್ಚಾಗಿ ಕಂಡಿತ್ತು. ಮಲಗಿದ್ದೇ ಅದಕ್ಕೆ ಕಾರಣ ಅನ್ನಲಾಗದು. ಆದರೆ ಮಲಗಿದ್ದು ಕಾಪಾಡಲಿಲ್ಲ ಅನ್ನುವುದು ಸ್ಪಷ್ಟ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ, ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ, ಮನಸ್ಸು ಕುಗ್ಗುತ್ತದೆ. ಭಾರ ಎತ್ತುವ ಕೆಲಸ, ಗಂಟೆಗಟ್ಟಲೆ ನಿಂತಿರುವ ಕೆಲಸ ಕಡಿಮೆ ಮಾಡಿ. ದಣಿವಾದರೆ ಮಲಗಿ. ಉಳಿದಂತೆ ಮನೆಯೊಳಗೆ, ಅಂಗಳದಲ್ಲಿ ನಡೆದಾಡಿಕೊಂಡಿರಿ. ಮಾಸು ಕೆಳಗಿದೆ, ರಕ್ತ ಹೋಗುತ್ತಿದೆ ಎನ್ನುವಂಥ ಬೇರೆ ಕಾರಣಕ್ಕೆ ಡಾಕ್ಟರು ವಿಶ್ರಾಂತಿ ಹೇಳಿದ್ದರೆ ಅದು ಬೇರೆ ಮಾತು.

ಸ್ಕ್ಯಾನ್‌ನಲ್ಲಿ ‘ಕೊರಳು 22 ಮಿ.ಮೀ. ಇದೆ, ಚಿಕ್ಕದು’ ಅಂದ್ರು. ಹೆದರಬೇಕಾ?

ಹೆದರಿ ಕೂರುವುದಲ್ಲ, ಬೇಗ ಚಿಕಿತ್ಸೆ ಶುರು ಮಾಡುವುದು. ಗರ್ಭಕೋಶದ ಕೊರಳು ಮಗುವನ್ನು ಒಳಗೆ ಹಿಡಿದಿಡುವ ಬೀಗದ ಹಾಗೆ. 24 ವಾರದೊಳಗೆ ಅದರ ಉದ್ದ 25 ಮಿ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕದು ಅಂತ ಲೆಕ್ಕ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲೇ ಇದು ಸರಿಯಾಗಿ ಸಿಗುತ್ತದೆ. ಹೊಟ್ಟೆಯ ಮೇಲಿನ ಸ್ಕ್ಯಾನ್‌ನಲ್ಲಿ ಅಳತೆ ತಪ್ಪಬಹುದು. ಒಳಗಿನ ಸ್ಕ್ಯಾನ್ ಅಂದರೆ ಬಹಳ ಜನ ಮುಜುಗರಪಡುತ್ತಾರೆ. ಅದು ಕೆಲವೇ ನಿಮಿಷದ್ದು, ಮಗುವಿಗೆ ಏನೂ ಆಗುವುದಿಲ್ಲ.

ಒಂದೇ ಮಗು ಇದ್ದು ಕೊರಳು ಚಿಕ್ಕದಿದ್ದರೆ, ದಿನಾ ರಾತ್ರಿ ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ ಕೊಡುತ್ತಾರೆ. ಇದು ಬಸುರನ್ನು ಕಾಪಾಡುವ ಹಾರ್ಮೋನು. ಇದರಿಂದ 33 ವಾರಕ್ಕೆ ಮೊದಲಿನ ಹೆರಿಗೆಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದವು. ತಡೆಯುವ ದಾರಿಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ.

ಪ್ರೊಜೆಸ್ಟರಾನ್ ಇಂಜೆಕ್ಷನ್ ಕೊಟ್ಟರೂ ಅದೇ ಕೆಲಸ ಆಗುತ್ತಲ್ವಾ?

ಎರಡೂ ಒಂದೇ ಔಷಧಿಯಲ್ಲ. ವಾರಕ್ಕೊಮ್ಮೆ ಕೊಡುತ್ತಿದ್ದ ಇಂಜೆಕ್ಷನ್ ಪ್ರೊಜೆಸ್ಟರಾನ್‌ನ ಬದಲಾದ ರೂಪ. 2003ರಲ್ಲಿ ಬಂದ ಒಂದು ಅಧ್ಯಯನ ದೊಡ್ಡ ಆಸೆ ಹುಟ್ಟಿಸಿತ್ತು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಆಮೇಲೆ 1,700ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಲಾಭವೇ ಕಾಣಲಿಲ್ಲ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಹಿಂದಕ್ಕೆ ಪಡೆದರು. ಕೊರಳಿಗೆ ಹಾಕುವ ರಬ್ಬರಿನ ಬಳೆ, ಅಂದರೆ ಪೆಸರಿ, ಅದರದ್ದೂ ಹೀಗೇ ಆಯಿತು. ಚೆನ್ನಾಗಿ ಪರೀಕ್ಷಿಸಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ನಿಮಗೆ ಬರೆದುಕೊಟ್ಟದ್ದು ಯಾವುದು, ಯಾಕೆ ಅಂತ ಕೇಳಿ ತಿಳಿದುಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಹೊಲಿಗೆ ಹಾಕ್ತೀವಿ ಅಂತಿದ್ದಾರೆ. ಅದೇನು?

ಗರ್ಭಕೋಶದ ಕೊರಳಿನ ಸುತ್ತ ಗಟ್ಟಿ ದಾರ ಹಾಕಿ, ಚೀಲದ ಬಾಯಿ ಕಟ್ಟಿದ ಹಾಗೆ ಬಿಗಿಯುವುದು. 1955ರಲ್ಲಿ ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್ ಇದನ್ನು ಜಗತ್ತಿಗೆ ತಿಳಿಸಿದರು. ಇಂದಿಗೂ ಅದಕ್ಕೆ ಶಿರೋಡ್ಕರ್ ಹೊಲಿಗೆ ಎಂದೇ ಹೆಸರು. 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇನ್ನೂ ಸುಲಭದ ವಿಧಾನ ಹೇಳಿಕೊಟ್ಟರು. ಹಿಂದೆ ದಿನ ತುಂಬದೆ ಹೆರಿಗೆ ಆಗಿ ಈಗ ಕೊರಳೂ ಚಿಕ್ಕದಾದವರಿಗೆ, ನೋವಿಲ್ಲದೆ ನಡುಬಸುರಿನಲ್ಲಿ ಮತ್ತೆ ಮತ್ತೆ ಮಗು ಕಳೆದುಕೊಂಡವರಿಗೆ, ಕೊರಳು ಆಗಲೇ ತೆರೆಯತೊಡಗಿದವರಿಗೆ ಇದು ಉಪಯೋಗ. ಎಲ್ಲರಿಗೂ ಬೇಡ. 36-37 ವಾರಕ್ಕೆ ಬಿಚ್ಚುತ್ತಾರೆ. ಅದಕ್ಕೆ ಮೊದಲು ನೋವು ಬಂದರೆ ಅಥವಾ ನೀರು ಹೋದರೆ ‘ಹೊಲಿಗೆ ಇದೆಯಲ್ಲ’ ಅಂತ ಸುಮ್ಮನಿರಬೇಡಿ. ಕೂಡಲೇ ಹೋಗಿ.

ನನಗೆ ಅವಳಿ. ಇದೆಲ್ಲ ನನಗೂ ಅನ್ವಯಿಸುತ್ತಾ?

ದುರದೃಷ್ಟಕ್ಕೆ ಅಷ್ಟಾಗಿ ಇಲ್ಲ. ಅವಳಿ ಬಸುರಿಯರಿಗೆಲ್ಲ ಹೊಲಿಗೆ, ಇಂಜೆಕ್ಷನ್, ಬೆಡ್ ರೆಸ್ಟ್ ಕೊಟ್ಟು ನೋಡಿದ್ದರಿಂದ ಲಾಭ ಕಂಡಿಲ್ಲ. ಕೊರಳು ಚಿಕ್ಕದಾದ ಅಥವಾ ತೆರೆದುಕೊಂಡ ಅವಳಿ ಬಸುರಿಯರ ಚಿಕಿತ್ಸೆಯನ್ನು ಡಾಕ್ಟರು ಬೇರೆಯಾಗಿಯೇ ಯೋಚಿಸಬೇಕಾಗುತ್ತದೆ. ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು ಸಿದ್ಧತೆ. ಮಕ್ಕಳ ಐಸಿಯು ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಮೂತ್ರದ ಸೋಂಕಿಗೂ ಹೆರಿಗೆಗೂ ಏನು ಸಂಬಂಧ? ನನಗೆ ಉರಿ ಏನೂ ಇಲ್ಲ.

ಉರಿ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಹುದು. ಬಸುರಿನಲ್ಲಿ ಅದು ಮೂತ್ರಪಿಂಡಕ್ಕೆ ಏರುವ ಸಾಧ್ಯತೆ ಹೆಚ್ಚು. ಅದಕ್ಕೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿ, ಸೋಂಕಿದ್ದರೆ ಮಾತ್ರೆ ಕೊಡುತ್ತಾರೆ. ಕೋರ್ಸ್ ಪೂರ್ತಿ ಮುಗಿಸಿ. ಬಿಳಿ ಸ್ರಾವಕ್ಕೆ ವಾಸನೆ ಬಂದರೆ, ತುರಿಕೆ ಇದ್ದರೆ ನಾಚಿಕೆಪಡದೆ ಹೇಳಿ. ವಸಡಿನ ಕಾಯಿಲೆಗೂ ದಿನ ತುಂಬದ ಹೆರಿಗೆಗೂ ನಂಟು ಕಂಡಿದೆ. ಬಸುರಿನಲ್ಲಿ ವಸಡಿಗೆ ಚಿಕಿತ್ಸೆ ಮಾಡಿದ್ದರಿಂದ ಹೆರಿಗೆ ಮುಂದಕ್ಕೆ ಹೋಗಲಿಲ್ಲ, ಆದರೆ ಹಲ್ಲಿನ ಚಿಕಿತ್ಸೆ ಬಸುರಿಯರಿಗೆ ಅಪಾಯವಲ್ಲ.

ಮೀನೆಣ್ಣೆ, ಆಸ್ಪಿರಿನ್ ತಗೊಂಡ್ರೆ ಒಳ್ಳೇದು ಅಂತ ಕೇಳಿದೆ.

ಮೀನೆಣ್ಣೆಯಲ್ಲಿರುವ ಒಮೇಗಾ-3ರ ಮೇಲಿನ ಹಲವು ಅಧ್ಯಯನಗಳನ್ನು 2018ರಲ್ಲಿ ಒಟ್ಟು ಮಾಡಿ ನೋಡಿದಾಗ, ದಿನ ತುಂಬದ ಹೆರಿಗೆ ಸುಮಾರು 11% ಕಡಿಮೆ ಕಂಡಿತು. ಮರುವರ್ಷ ಬಂದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ದೇಹದಲ್ಲಿ ಒಮೇಗಾ-3 ಕಡಿಮೆ ಇರುವವರಿಗೆ ಉಪಯೋಗವಾಗಬಹುದು. ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದು ಮುಖ್ಯವಾಗಿ ಬಿಪಿ ಏರುವ ಅಪಾಯ ಇರುವವರಿಗೆ. ಚೊಚ್ಚಲ ಬಸುರಿನವರ ಮೇಲೆ ಆರು ದೇಶಗಳಲ್ಲಿ ನಡೆದು 2020ರಲ್ಲಿ ಬಂದ ಅಧ್ಯಯನದಲ್ಲಿ ದಿನ ತುಂಬದ ಹೆರಿಗೆಯೂ 11% ಇಳಿದಿತ್ತು. ಆದರೆ ಇವನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಗಂಡನ ಜೊತೆ ಸೇರಬಹುದಾ?

ಬಸುರು ಸರಾಗವಾಗಿದ್ದರೆ ಸೇರಬಹುದು, ಅದರಿಂದ ಹೆರಿಗೆ ಬೇಗ ಆಗುವುದಿಲ್ಲ. ರಕ್ತ ಹೋಗುತ್ತಿದ್ದರೆ, ನೀರು ಹೋಗಿದ್ದರೆ, ಹೊಲಿಗೆ ಹಾಕಿದ್ದರೆ, ಮಾಸು ಕೆಳಗಿದ್ದರೆ ಡಾಕ್ಟರನ್ನು ಕೇಳದೆ ಬೇಡ.

## ನೋವು ಶುರುವಾದಾಗ

ಹೊಟ್ಟೆ ಆಗಾಗ ಗಟ್ಟಿ ಆಗುತ್ತೆ. ಯಾವಾಗ ಆಸ್ಪತ್ರೆಗೆ ಓಡಬೇಕು?

ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ, ಮಗ್ಗುಲು ಬದಲಿಸಿದರೆ ಅಥವಾ ನೀರು ಕುಡಿದರೆ ಸಡಿಲವಾಗುವುದು ಮಾಮೂಲಿ. ಗಡಿಯಾರ ನೋಡಿ. 37 ವಾರಕ್ಕೆ ಮೊದಲು 10 ನಿಮಿಷಕ್ಕೊಮ್ಮೆ ಅಥವಾ ಅದಕ್ಕೂ ಬೇಗ ಬೇಗ ಗಟ್ಟಿಯಾಗುತ್ತಿದ್ದರೆ ಹೊರಡಿ. ಮುಟ್ಟಿನ ನೋವಿನಂಥ ಹಿಂಡುವಿಕೆ, ಬಿಡದ ಸೊಂಟ ನೋವು, ಕೆಳಹೊಟ್ಟೆ ಜಗ್ಗಿದ ಹಾಗೆ ಒತ್ತಡ, ಲೋಳೆಯಲ್ಲಿ ರಕ್ತ, ನೀರು ಒಸರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬೇಡಿ. ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೂ ಅಷ್ಟೇ.

ಎಷ್ಟೋ ಜನ ‘ಬೆಳಗಾಗಲಿ ನೋಡೋಣ’, ‘ಸುಮ್ನೆ ಯಾಕೆ ತೊಂದರೆ ಕೊಡೋದು’ ಅಂತ ರಾತ್ರಿಯೆಲ್ಲ ಸಹಿಸಿಕೊಂಡಿರುತ್ತಾರೆ. ಬೆಳಗ್ಗೆ ಬರುವ ಹೊತ್ತಿಗೆ ಕೊರಳು ಪೂರ್ತಿ ತೆರೆದಿರುತ್ತದೆ. ಮಗುವನ್ನು ಕಾಪಾಡುವ ಔಷಧಿಗಳು ಕೆಲಸ ಮಾಡಲು ಕೆಲವು ಗಂಟೆಗಳಾದರೂ ಬೇಕು. ಆ ಗಂಟೆಗಳನ್ನು ಮಗುವಿಗೆ ಉಳಿಸಿಕೊಡಿ. ಹತ್ತು ಸಲ ಸುಮ್ಮನೆ ಬಂದು ಹೋದರೂ ಪರವಾಗಿಲ್ಲ. ಯಾರಾದರೂ ಗದರಿದರೂ ಹನ್ನೊಂದನೇ ಸಲ ಬನ್ನಿ.

ಇದು ನಿಜವಾದ ಹೆರಿಗೆ ನೋವೇ ಅಂತ ತಿಳಿಯಲು ಡಾಕ್ಟರು ಕೊರಳಿನ ಅಳತೆ ನೋಡುತ್ತಾರೆ. ಕೆಲವೆಡೆ ಫೈಬ್ರೊನೆಕ್ಟಿನ್ ಎಂಬ ಪರೀಕ್ಷೆಯೂ ಇದೆ. ಅದು ನೆಗೆಟಿವ್ ಬಂದರೆ ಮುಂದಿನ ಒಂದು ವಾರದಲ್ಲಿ ಹೆರಿಗೆ ಆಗುವ ಸಾಧ್ಯತೆ ತುಂಬಾ ಕಡಿಮೆ.

ನೋವು ನಿಲ್ಲಿಸೋ ಔಷಧಿ ಕೊಟ್ರೆ ಹೆರಿಗೆ ಒಂದು ತಿಂಗಳು ಮುಂದಕ್ಕೆ ಹೋಗುತ್ತಲ್ವಾ?

ಅಷ್ಟು ಹೋಗುವುದಿಲ್ಲ. ನಿಫೆಡಿಪಿನ್, ಅಟೊಸಿಬಾನ್‌ನಂಥ ಔಷಧಿಗಳು ಸಾಮಾನ್ಯವಾಗಿ ಎರಡು ದಿನ, ಕೆಲವರಲ್ಲಿ ಒಂದು ವಾರ ತಡೆಯುತ್ತವೆ. ಎರಡೇ ದಿನವಾ ಅನ್ನಬೇಡಿ. ಆ ಎರಡು ದಿನದಲ್ಲೇ, ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಕೆಲಸ ಮಾಡಿ ಮುಗಿಸುತ್ತದೆ, ಒಳ್ಳೆಯ ಮಕ್ಕಳ ಐಸಿಯು ಇರುವ ಕಡೆಗೆ ತಾಯಿಯನ್ನು ಸಾಗಿಸಬಹುದು. ಹುಟ್ಟಿದ ಮೇಲೆ ಮಗುವನ್ನು ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಸಾಗಿಸುವುದು ಎಷ್ಟೋ ಸುರಕ್ಷಿತ.

ಸ್ಟೀರಾಯ್ಡ್ ಅಂದ್ರೆ ಭಯ. ಬೇಡ ಅನ್ನಬಹುದಾ?

ದಯವಿಟ್ಟು ಬೇಡ ಅನ್ನಬೇಡಿ. ದಿನ ತುಂಬದ ಮಕ್ಕಳಿಗೆ ಹುಟ್ಟುವ ಮೊದಲು ಕೊಡುವ ಔಷಧಿಗಳಲ್ಲಿ ಇಷ್ಟು ಜೀವ ಉಳಿಸಿದ್ದು ಬೇರೊಂದಿಲ್ಲ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆ ಅಂತ ನೋಡುತ್ತಿದ್ದರು. ಬದುಕುವ ಹಾಗೇ ಇರದಷ್ಟು ಬೇಗ ಹುಟ್ಟಿದ ಒಂದು ಮರಿ ಉಸಿರಾಡುತ್ತಿತ್ತು. ಅದಕ್ಕೆ ಸ್ಟೀರಾಯ್ಡ್ ಹೋಗಿತ್ತು. ಅಲ್ಲಿಂದ ಮುಂದೆ ರಾಸ್ ಹೋವಿ ಜೊತೆ ಸೇರಿ ತಾಯಂದಿರ ಮೇಲೆ ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದರು.

ಬೀಟಾಮೆಥಾಸೋನ್ ಆದರೆ 24 ಗಂಟೆ ಅಂತರದಲ್ಲಿ ಎರಡು ಇಂಜೆಕ್ಷನ್, ಡೆಕ್ಸಾಮೆಥಾಸೋನ್ ಆದರೆ 12 ಗಂಟೆಗೊಂದರಂತೆ ನಾಲ್ಕು. 24ರಿಂದ 34 ವಾರದೊಳಗೆ, ಇನ್ನೊಂದು ವಾರದಲ್ಲಿ ಹೆರಿಗೆ ಆಗಬಹುದು ಅನ್ನಿಸಿದಾಗ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಮಕ್ಕಳ ಸಾವು ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಇದನ್ನೇ ತೋರಿಸಿತು. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಅದನ್ನು ನೋಡಿಕೊಳ್ಳಬೇಕು. ಬೇಡದವರಿಗೆ ಮುನ್ನೆಚ್ಚರಿಕೆ ಅಂತ ಪದೇ ಪದೇ ಕೊಡುವುದು ಮಾತ್ರ ಸರಿಯಲ್ಲ.

ಮೆಗ್ನೀಸಿಯಂ ಯಾಕೆ ಹಾಕಿದ್ರು? ನನಗೆ ಫಿಟ್ಸ್ ಇಲ್ಲವಲ್ಲ?

ಅದು ಮಗುವಿನ ಮಿದುಳಿಗೆ. 32 ವಾರಕ್ಕೆ ಮೊದಲು ಹುಟ್ಟಲಿರುವ ಮಗುವಿಗೆ, ಹೆರಿಗೆಗೆ ಸ್ವಲ್ಪ ಮೊದಲು ತಾಯಿಯ ರಕ್ತಕ್ಕೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ಬರುವ ತೊಂದರೆಯ, ಅಪಾಯ ಸುಮಾರು 30% ಇಳಿಯುತ್ತದೆ. ಮೈ ಬಿಸಿಯಾಗಿ ಬೆವರುತ್ತದೆ, ಹೆದರಬೇಡಿ.

ನೀರು ಹೋಗಿದೆ, ನೋವಿಲ್ಲ. ಮನೆಯಲ್ಲೇ ಕಾಯಬಹುದಾ?

ಬೇಡ. ನೀರಿನ ಚೀಲ ಒಡೆದ ಮೇಲೆ ಸೋಂಕು ಒಳಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಕೊಟ್ಟು, ತಾಯಿಯ ಜ್ವರ ಮತ್ತು ಮಗುವಿನ ಎದೆಬಡಿತ ನೋಡುತ್ತಾ, ಸಾಧ್ಯವಾದರೆ ದಿನಗಟ್ಟಲೆ, ವಾರಗಟ್ಟಲೆ ಕಾಯುತ್ತಾರೆ. ಚೀಲ ಒಡೆಯದೆ ಬರೀ ನೋವು ಬಂದವರಿಗೆ, ಸೋಂಕಿನ ಗುರುತಿಲ್ಲದಿದ್ದರೆ, ಆಂಟಿಬಯೋಟಿಕ್ ಸುಮ್ನೆ ಕೊಡಬಾರದು. ಹಾಗೆ ಕೊಟ್ಟವರ ಮಕ್ಕಳನ್ನು ಏಳು ವರ್ಷಕ್ಕೆ ನೋಡಿದಾಗ ಸೆರೆಬ್ರಲ್ ಪಾಲ್ಸಿ ಹೆಚ್ಚಾಗಿ ಕಂಡಿತ್ತು.

## ಮಗು ಬಂದ ಮೇಲೆ

ಹೊಕ್ಕುಳ ಬಳ್ಳಿ ತಡವಾಗಿ ಕತ್ತರಿಸಿ ಅಂತ ಕೇಳಬೇಕಾ?

ಕೇಳಿ. ಒಂದು ನಿಮಿಷವಾದರೂ ತಡೆದರೆ ಮಾಸಿನಲ್ಲಿರುವ ರಕ್ತ ಮಗುವಿಗೆ ಸೇರುತ್ತದೆ. ಕೂಡಲೇ ಕತ್ತರಿಸುವುದಕ್ಕೆ ಹೋಲಿಸಿದರೆ ದಿನ ತುಂಬದ ಮಕ್ಕಳ ಸಾವು ಇದರಿಂದ ಸುಮಾರು ಮೂರರಲ್ಲೊಂದು ಪಾಲು ಕಡಿಮೆ ಅಂತ 2023ರಲ್ಲಿ ಗೊತ್ತಾಯಿತು. ಮಗುವಿಗೆ ಉಸಿರು ಕೊಡಲೇಬೇಕಾದ ತುರ್ತಿದ್ದರೆ ತೀರ್ಮಾನ ಡಾಕ್ಟರದ್ದು.

ಮಗುವಿಗೆ ಉಸಿರಾಟದ ತೊಂದರೆ ಅಂತಾರೆ. ಶ್ವಾಸಕೋಶ ಬೆಳೆದಿಲ್ವಾ?

ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಸರ್ಫ್ಯಾಕ್ಟಂಟ್ ಎಂಬ ಜಾರು ವಸ್ತು ಇರಬೇಕು. ಬೇಗ ಹುಟ್ಟಿದವರಲ್ಲಿ ಅದು ಸಾಲದು ಅಂತ 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ಕಂಡುಹಿಡಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಇದೇ ತೊಂದರೆಯಿಂದ ಎರಡೇ ದಿನದಲ್ಲಿ ತೀರಿಕೊಂಡ. ತೂಕ 2 ಕಿಲೋಗೂ ಹೆಚ್ಚಿತ್ತು. ಇವತ್ತು ಅಂಥ ಮಗು ಮೂಗಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಸಹಾಯದಿಂದ, ಬೇಕಾದರೆ ಸರ್ಫ್ಯಾಕ್ಟಂಟ್ ಔಷಧಿಯಿಂದ ಕೆಲವೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಉಸಿರು ಮರೆಯುವ ಪುಟ್ಟ ಮಕ್ಕಳಿಗೆ ಕೆಫೀನ್ ಕೊಡುತ್ತಾರೆ. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್.

ಇಷ್ಟು ಚಿಕ್ಕ ಮಗುವನ್ನು ಎದೆ ಮೇಲೆ ಹಾಕಿಕೊಂಡ್ರೆ ಏನೂ ಆಗಲ್ವಾ?

ಒಳ್ಳೆಯದೇ ಆಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ, ಡಾ. ಎಡ್ಗರ್ ರೇ ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟುವ ಕ್ರಮ ಶುರು ಮಾಡಿದರು. ಇದೇ ಕಾಂಗರೂ ಆರೈಕೆ. ಮೊದಲು ಮಗು ಚೇತರಿಸಿಕೊಳ್ಳಲಿ, ಆಮೇಲೆ ಎದೆಗೆ ಅನ್ನುತ್ತಿದ್ದರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಅದನ್ನು ತಿರುಗಿಸಿತು. 1ರಿಂದ 1.8 ಕಿಲೋ ಒಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡಾಗ ಸಾವು 25% ಕಡಿಮೆಯಾಯಿತು. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು ಹೊತ್ತು ಹಾಕಿಕೊಳ್ಳಿ. ತಾಯಿ ದಣಿದರೆ ಅಪ್ಪ, ಅಜ್ಜಿ ಯಾರಾದರೂ ಸರಿ. ಎದೆಯ ಬಿಸಿ ಎದೆಯ ಬಿಸಿಯೇ.

ಹಾಲು ನಾಲ್ಕೇ ಹನಿ ಬರ್ತಿದೆ. ಪುಡಿ ಹಾಲು ಕೊಡಲಾ?

ಆ ನಾಲ್ಕು ಹನಿಯನ್ನೂ ಚೆಲ್ಲಬೇಡಿ. ದಿನ ತುಂಬದ ಮಗುವಿನ ಕರುಳು ಕೊಳೆಯುವ ಭಯಾನಕ ಕಾಯಿಲೆಯೊಂದಿದೆ, ಎನ್‌ಇಸಿ ಅಂತ. ಎದೆಹಾಲು ಕುಡಿದವರಲ್ಲಿ ಅದು ಕಡಿಮೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಹಿಂಡಿ ತೆಗೆಯಿರಿ. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಕೊಳವೆಯಲ್ಲೋ ಚಮಚದಲ್ಲೋ ಕೊಡುತ್ತಾರೆ. ತಾಯಿಯ ಹಾಲು ಸಾಲದಿದ್ದರೆ ಹಾಲಿನ ಬ್ಯಾಂಕಿನಿಂದ ಬಂದ ದಾನದ ಹಾಲು ಪುಡಿ ಹಾಲಿಗಿಂತ ಉತ್ತಮ.

ಕಣ್ಣು ಚೆನ್ನಾಗೇ ಬಿಡುತ್ತಾನೆ. ಮತ್ತೆ ಕಣ್ಣಿನ ಪರೀಕ್ಷೆ ಯಾಕೆ?

ಹೊರಗಿನಿಂದ ಏನೂ ಕಾಣುವುದಿಲ್ಲ, ಅದಕ್ಕೇ. ದಿನ ತುಂಬದ ಮಗುವಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿ ಬೆಳೆದರೆ ಪರದೆ ಕಳಚಿ ದೃಷ್ಟಿ ಹೋಗುತ್ತದೆ. ಇದಕ್ಕೆ ಆರ್‌ಓಪಿ ಅನ್ನುತ್ತಾರೆ. ಆಮ್ಲಜನಕ ಅತಿಯಾದರೆ ಅಪಾಯ ಜಾಸ್ತಿ. 1940, 50ರ ದಶಕಗಳಲ್ಲಿ ಅಳತೆಯಿಲ್ಲದೆ ಆಮ್ಲಜನಕ ಕೊಟ್ಟಿದ್ದರಿಂದ ಸಾವಿರಾರು ಮಕ್ಕಳು ಕುರುಡಾದರು. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ದೃಷ್ಟಿ ಕಳೆದುಕೊಂಡಿದ್ದು ಇದರಿಂದಲೇ. ಹುಟ್ಟಿದ ಸುಮಾರು 4 ವಾರಕ್ಕೆ ಮೊದಲ ಪರೀಕ್ಷೆ. ಸಮಯಕ್ಕೆ ಸಿಕ್ಕರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಕಣ್ಣು ಉಳಿಯುತ್ತದೆ. ಮನೆಗೆ ಕಳಿಸಿದ ಮೇಲೆ ಈ ತಾರೀಖು ಮರೆತುಬಿಡುವುದು ಸುಲಭ. ಗೋಡೆಯ ಮೇಲೆ ಬರೆದಿಡಿ.

## ಮುಂದಿನ ವರ್ಷಗಳು

ನನ್ನ ಮಗು ಎಲ್ಲರ ಹಾಗೆ ಬೆಳೆಯುತ್ತಾ?

ಹೆಚ್ಚಿನವರು ಬೆಳೆಯುತ್ತಾರೆ. ಎಷ್ಟು ಬೇಗ ಹುಟ್ಟಿತು ಅನ್ನುವುದರ ಮೇಲೆ ಅಪಾಯ ನಿಂತಿದೆ. 28 ವಾರಕ್ಕೆ ಮೊದಲು ಹುಟ್ಟಿ ಬದುಕಿದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಸೆರೆಬ್ರಲ್ ಪಾಲ್ಸಿ ಬರುತ್ತದೆ. ಕಣ್ಣಿಗೆ ಕಾಣದ ತೊಂದರೆಗಳು ಇನ್ನೂ ಹೆಚ್ಚು: ಗಮನ ನಿಲ್ಲದಿರುವುದು, ಲೆಕ್ಕದಲ್ಲಿ ಹಿಂದೆ ಬೀಳುವುದು, ಕೈಕೆಲಸದಲ್ಲಿ ತಡವರಿಸುವುದು. ಇವು ಶಾಲೆಗೆ ಸೇರಿದ ಮೇಲೇ ಗೊತ್ತಾಗುತ್ತವೆ. ಅದಕ್ಕೇ ಟೀಚರಿಗೆ ಮಗು ಬೇಗ ಹುಟ್ಟಿದ್ದು ಅಂತ ತಿಳಿಸಿ. ಸೋಮಾರಿ ಅಂತ ಬೈಸಿಕೊಳ್ಳುವ ಮಗುವಿಗೆ ನಿಜವಾಗಿ ಬೇಕಿದ್ದದ್ದು ಸ್ವಲ್ಪ ಹೆಚ್ಚು ಸಮಯ ಆಗಿರಬಹುದು. ದೊಡ್ಡವರಾದ ಮೇಲೆ ಬಿಪಿ ಸ್ವಲ್ಪ ಹೆಚ್ಚಿರಬಹುದು, ಶ್ವಾಸಕೋಶದ ಬಲ ಸ್ವಲ್ಪ ಕಡಿಮೆ ಇರಬಹುದು. ಮಗುವಿನ ಹತ್ತಿರ ಬೀಡಿ, ಸಿಗರೇಟು ಯಾವತ್ತೂ ಬೇಡ.

ಎಂಟು ತಿಂಗಳಾಯ್ತು, ಇನ್ನೂ ಕೂರ್ತಿಲ್ಲ. ಪಕ್ಕದ ಮನೆಯದು ಆಗಲೇ ಕೂತಿದೆ.

ಎರಡು ತಿಂಗಳು ಮೊದಲು ಹುಟ್ಟಿದ್ದರೆ ಮಗುವಿನ ಬೆಳವಣಿಗೆಯ ವಯಸ್ಸು ಆರೇ ತಿಂಗಳು. ಎರಡು ವರ್ಷದವರೆಗೆ ಹೀಗೆ ಕಳೆದು ಲೆಕ್ಕ ಹಾಕಿ. ಲಸಿಕೆಗೆ ಮಾತ್ರ ಕಳೆಯಬೇಡಿ, ಹುಟ್ಟಿದ ದಿನದಿಂದಲೇ ಲೆಕ್ಕ. ತೂಕ ತುಂಬಾ ಕಡಿಮೆ ಇದ್ದವರಿಗೆ ಒಂದೆರಡು ಲಸಿಕೆ ಬದಲಾಗಬಹುದು, ಡಾಕ್ಟರು ಹೇಳುತ್ತಾರೆ. ಕಳೆದ ಲೆಕ್ಕದಲ್ಲೂ ಹಿಂದಿದ್ದರೆ, ಒಂದೇ ಕೈ ಬಳಸುತ್ತಿದ್ದರೆ, ಕಾಲು ಸೆಟೆದುಕೊಂಡಿದ್ದರೆ ಕಾಯದೆ ತೋರಿಸಿ. ಬೇಗ ಶುರು ಮಾಡಿದ ಫಿಸಿಯೋಥೆರಪಿ ನೆರವಾಗುತ್ತದೆ.

35 ವಾರಕ್ಕೆ ಹುಟ್ಟಿದ್ದು, ನೋಡೋಕೆ ದುಂಡಗಿದ್ದಾಳೆ. ಇಷ್ಟೆಲ್ಲ ಜಾಗ್ರತೆ ಬೇಕಾ?

ಬೇಕು. 35 ವಾರಕ್ಕೆ ಮಿದುಳಿನ ತೂಕ ದಿನ ತುಂಬಿದ ಮಗುವಿನ ಮೂರರಲ್ಲೆರಡು ಪಾಲು ಅಷ್ಟೇ. ಇಂಥ ಮಕ್ಕಳು ನಿದ್ದೆಯಲ್ಲೇ ಇದ್ದು ಹಾಲು ಸರಿಯಾಗಿ ಕುಡಿಯುವುದಿಲ್ಲ. ಮೈ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ, ಕಾಮಾಲೆ ಏರುತ್ತದೆ. ಎಬ್ಬಿಸಿ ಕುಡಿಸಿ. ಕಾರಣವಿಲ್ಲದೆ, ಅನುಕೂಲದ ದಿನ ನೋಡಿ ಬೇಗ ಸಿಸೇರಿಯನ್ ಮಾಡಿಸಿಕೊಳ್ಳುವವರಿಗೂ ಇದೇ ಮಾತು ಹೇಳುತ್ತೇನೆ.

ಮಗು ಐಸಿಯುನಲ್ಲಿ 40 ದಿನ ಇತ್ತು. ಈಗ ಮನೆಗೆ ಬಂದಿದೆ, ಚೆನ್ನಾಗಿದೆ. ನಾನೇ ಅಳ್ತಾ ಇರ್ತೀನಿ. ಯಾಕೆ?

40 ದಿನ ನೀವು ಮಾನಿಟರಿನ ಸದ್ದು ಕೇಳುತ್ತಾ ನಿದ್ದೆಗೆಟ್ಟಿದ್ದೀರಿ. ಅಲ್ಲಿ ಅಳುವುದಕ್ಕೂ ಹೊತ್ತಿರಲಿಲ್ಲ. ದಿನ ತುಂಬದ ಮಕ್ಕಳ ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಉಳಿದವರಿಗಿಂತ ಹೆಚ್ಚು. ಅಪ್ಪಂದಿರಿಗೂ ಆಗುತ್ತದೆ, ಅವರು ಹೇಳಿಕೊಳ್ಳುವುದು ಕಡಿಮೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಡಾಕ್ಟರಿಗೆ ಹೇಳಿ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಮಗುವನ್ನು ನೋಡಿಕೊಳ್ಳಲು ಅಷ್ಟು ಹೊತ್ತು ಬೇರೆ ಯಾರಾದರೂ ಇರಲಿ.